ಸಿದ್ದು ಹಲಸು, ಡಾಲಿ ಕುರಿ, ಅಪ್ಪು ದನಿ

ತುಮಕೂರು ಜಿಲ್ಲೆ ಚೇಳೂರಲ್ಲಿ ಒಂದು ಹಲಸಿನ ಮರ ಇದೆ. ಹಲಸು ಅಂದ್ರೆ ಬಾಯಿ ಬಾಯಿ ಬಿಡೋರಿಗೆಲ್ಲ ಅದರ ಹೆಸರು ಗೊತ್ತಿರುತ್ತೆ, ಸಿದ್ದು ಹಲಸು. ಆ ತೋಟದ ರೈತರ ತಂದೆ ಸಿದ್ದಪ್ಪನವರ ಹೆಸರೇ ಮರಕ್ಕೂ ಬಂತು. ಹಣ್ಣೇನು ಭಾರಿ ಗಾತ್ರದ್ದಲ್ಲ, ಎರಡೂವರೆ ಕೆಜಿ ಆಸುಪಾಸು, ಮಾಮೂಲಿ ಹಲಸಿನಹಣ್ಣಿನ ಥರ ಮನೆಗೆ ತಂದ ತಪ್ಪಿಗೆ ಇಡೀ ಬೀದಿಗೆ ಹಂಚಿಕೊಂಡು ಓಡಾಡೋ ಕಷ್ಟ ಇಲ್ಲ, ಮನೆಮಂದಿ ಕೂತು ಒಂದೇ ಸಲಕ್ಕೆ ಮುಗಿಸಬಹುದು. ಆದ್ರೆ ಕುಯ್ದು ನೋಡಿದ್ರೆ ತೊಳೆ ಹಳದಿ ಇರಲ್ಲ, ತಾಮ್ರದ ಕೆಂಪು. ರುಚಿ ಬಗ್ಗೆ ನಾನು ಬರೆಯೋಕೆ ಹೋಗಲ್ಲ, ಹಲಸಿನ ರುಚಿ ಬರೆದು ತಿಳಿಸೋ ವಿಷಯ ಅಲ್ಲ.

ಈ ಹಣ್ಣಿನ ಬೀಜ ತಗೊಂಡು ಹೋಗಿ ನಿಮ್ಮ ತೋಟದಲ್ಲಿ ಹಾಕಿದ್ರೆ ಸಿದ್ದು ಹಲಸು ಬರಲ್ಲ, ಬರೋದು ಬೇರೆ ಯಾವುದೋ ಹಲಸು. ಯಾಕಂದ್ರೆ ಬೀಜಕ್ಕೆ ಅಪ್ಪ ಒಬ್ಬ ಇರ್ತಾನಲ್ಲ, ಪಕ್ಕದ ಹೊಲದ ಯಾವ ಮರದ ಪರಾಗ ಬಂದು ಬಿದ್ದಿದೆಯೋ ಯಾರಿಗೆ ಗೊತ್ತು. ಏಳೆಂಟು ವರ್ಷ ನೀರು ಹಾಕಿ ಸಾಕಿ ಕೊನೆಗೆ ಸಪ್ಪೆ ಬಿಳಿ ತೊಳೆ ಸಿಕ್ಕಿದ್ರೆ ಮರಕ್ಕೆ ಬಯ್ಯೋಕೂ ಆಗಲ್ಲ. ಅದಕ್ಕೆ ದಾರಿ ಅಂದ್ರೆ ಕಸಿ ಕಟ್ಟೋದು. ನರ್ಸರಿಯಲ್ಲಿ ಕೂತು ನೋಡಿದ್ರೆ ಗೊತ್ತಾಗುತ್ತೆ, ಎಷ್ಟು ಸಣ್ಣ ಕೆಲಸ ಅದು, ಎಷ್ಟು ನಾಜೂಕು. ಯಾವುದೋ ಹಲಸಿನ ಬೀಜದಿಂದ ಬಂದ ಎಳೆ ಸಸಿ ಒಂದು ಕವರಲ್ಲಿ ನಿಂತಿರುತ್ತೆ, ಅದರ ತಲೆ ಕತ್ತರಿಸಿ ಕಾಂಡದ ನಡುವೆ ಬ್ಲೇಡಲ್ಲಿ ಒಂದು ಸೀಳು ಕೊಡ್ತಾರೆ, ತಾಯಿ ಮರದಿಂದ ತಂದ ಪೆನ್ಸಿಲ್ ದಪ್ಪದ ಕಡ್ಡಿಯ ತುದಿಯನ್ನ ಎರಡೂ ಕಡೆ ಓರೆಯಾಗಿ ಹೆರೆದು ಆ ಸೀಳಿನೊಳಗೆ ಕೂರಿಸ್ತಾರೆ, ಎರಡರ ಸಿಪ್ಪೆಯ ಅಂಚು ಒಂದಕ್ಕೊಂದು ತಾಗಬೇಕು, ಇಲ್ಲಾಂದ್ರೆ ಕೂಡಲ್ಲ, ಆಮೇಲೆ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ ಮೇಲಿಂದ ಒಂದು ಉದ್ದನೆ ಪ್ಲಾಸ್ಟಿಕ್ ಕವರ್ ಟೋಪಿ ಹಾಕಿ ನೆರಳಲ್ಲಿ ಇಡ್ತಾರೆ. ಕೈ ಪಳಗಿದ ಹೆಂಗಸರು ಮಾತಾಡ್ತಾ ಮಾತಾಡ್ತಾನೇ ಮಾಡ್ತಾರೆ ಇದನ್ನ. ಕೆಲವು ವಾರ ಕಳೆದು ಆ ಕಡ್ಡಿ ಚಿಗುರಿದ್ರೆ, ಕೆಳಗಡೆ ಬೇರು ಯಾರದ್ದೋ, ಮೇಲೆ ಬೆಳೆಯೋದೆಲ್ಲ ಸಿದ್ದು.

ಇದು ಕ್ಲೋನಿಂಗ್. ಒಂದು ಜೀವದ ವಂಶವಾಹಿಯನ್ನ ಹಾಗೇ ಎತ್ತಿ ಇನ್ನೊಂದು ಜೀವ ಮಾಡೋದು, ಗಂಡು ಹೆಣ್ಣು ಕೂಡಿ ಇಸ್ಪೀಟ್ ಕಲೆಸಿದಂಗೆ ಕಲೆಸೋ ವ್ಯವಹಾರ ಇಲ್ಲದೆ. ಕ್ಲೋನಿಂಗ್ ಅಂದ ತಕ್ಷಣ ನಮಗೆ ಲ್ಯಾಬು, ಬಿಳಿ ಕೋಟು, ಗಾಜಿನ ಕೊಳವೆಯೊಳಗೆ ಕಣ್ಣು ಮುಚ್ಚಿಕೊಂಡು ತೇಲ್ತಾ ಇರೋ ಮನುಷ್ಯ ಕಾಣಿಸ್ತಾನೆ, ಜೊತೆಗೆ ಒಂಥರಾ ಭಯ. ಆದ್ರೆ ಧಾರವಾಡದ ಆಪೂಸು ಕ್ಲೋನು, ಮಲಗೋವ ಕ್ಲೋನು, ತಾಂಬೂಲದ ವೀಳ್ಯದೆಲೆ ಬಳ್ಳಿ ಕ್ಲೋನು, ಮಂಡ್ಯದ ಕಬ್ಬು ಕ್ಲೋನು (ಕಬ್ಬನ್ನ ಬೀಜ ಬಿತ್ತಿ ಬೆಳೆದ ರೈತನನ್ನ ಯಾರಾದ್ರೂ ನೋಡಿದೀರಾ, ತುಂಡು ನೆಡೋದೇ), ಮೈಸೂರು ಮಲ್ಲಿಗೆ ಕ್ಲೋನು. ನಮ್ಮ ಮದುವೆ ಮನೆಯಲ್ಲಿ ಅರ್ಧಕ್ಕರ್ಧ ಸಾಮಾನು ಕ್ಲೋನೇ, ವಧು ವರ ಬಿಟ್ಟು. ಅವರಲ್ಲೂ ಒಬ್ಬರು ಅವಳಿ-ಜವಳಿ ಆಗಿದ್ದು, ಅದೂ ತದ್ರೂಪಿ ಅವಳಿ ಆಗಿದ್ದರೆ, ಕ್ಲೋನ್ ಅಂತ ಹೇಳಬಹುದು.

ಸಿದ್ದು ಹಲಸಿನ ಕತೆಯಲ್ಲಿ ನನಗೆ ಇಷ್ಟ ಆಗಿದ್ದು ಕಸಿಗಿಂತ ಕಾಗದ. 2017ರಲ್ಲಿ ಹೆಸರಘಟ್ಟದ ಐಐಎಚ್‌ಆರ್‌ನವರು, ಅಂದ್ರೆ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು, ಆ ರೈತರ ಜೊತೆ ಒಂದು ಒಪ್ಪಂದ ಮಾಡಿಕೊಂಡ್ರು. ಕಸಿ ಗಿಡ ಮಾಡಿ ಮಾರೋ ಕೆಲಸ ಸಂಸ್ಥೆದು, ಬಂದ ದುಡ್ಡಲ್ಲಿ ಶೇ. 75 ರೈತರಿಗೆ. ಮರ ಅವರ ತೋಟದಲ್ಲೇ ನಿಂತಿದೆ, ಅದರ ಕಡ್ಡಿಗಳು ಸಾವಿರ ಸಾವಿರ ತೋಟ ಸೇರ್ತಿವೆ, ಪ್ರತಿ ಸಸಿಗೂ ಚೇಳೂರಿನ ಆ ಮನೆಗೆ ಪಾಲು ಹೋಗುತ್ತೆ. ಸಾಮಾನ್ಯವಾಗಿ ಹೀಗೆ ಆಗಲ್ಲ. ಒಳ್ಳೆ ಮರ ಕಂಡ್ರೆ ಸಂಜೆ ಹೊತ್ತಲ್ಲಿ ಬಂದು ಕಡ್ಡಿ ಮುರ್ಕೊಂಡು ಹೋಗೋರೇ ಜಾಸ್ತಿ, ಮಲೆನಾಡಲ್ಲಿ ಒಳ್ಳೆ ಅಪ್ಪೆಮಿಡಿ ಮರ ಇಟ್ಕೊಂಡೋರನ್ನ ಕೇಳಿ ಬೇಕಾದ್ರೆ.

ಕ್ಲೋನ್ ಬಗ್ಗೆ ಎಷ್ಟೋ ಓದ್ತಾ ಇರ್ತೀವಿ, ಕೇಳ್ತಾ ಇರ್ತೀವಿ, ಎಲ್ಲಾ ಕಡೆ ಒಂದೇ ಪ್ರಶ್ನೆ, ನಕಲು ಅಸಲಿನ ಥರಾನೇ ಇರುತ್ತಾ ಅಂತ. ನನ್ನ ಪ್ರಕಾರ ಅದು ಅಷ್ಟೇನೂ ಮುಖ್ಯದ ಪ್ರಶ್ನೆ ಅಲ್ಲ, ಇರಲ್ಲ ಅನ್ನೋದು ಯಾವತ್ತೋ ಗೊತ್ತಾಗಿದೆ. ಕೇಳಬೇಕಾಗಿರೋದು ಇನ್ನೆರಡು: ಯಾರನ್ನ ಕೇಳಿ ಮಾಡಿದ್ರಿ, ಮತ್ತೆ ಎಷ್ಟು ಮಾಡಿದ್ರಿ.

ಎಷ್ಟು ಅನ್ನೋದಕ್ಕೆ ಬಾಳೆ ನೋಡಿ. ನಂಜನಗೂಡು ರಸಬಾಳೆ ಅಂತ ಹೆಸರು ಕೇಳಿಲ್ಲದ ಕನ್ನಡಿಗ ಇಲ್ಲ, ಆದ್ರೆ ತಿಂದಿರೋರು ಎಷ್ಟು ಜನ ಇದೀವಿ? ಜಿಐ ಟ್ಯಾಗ್ ಇದೆ, ಹಣ್ಣು ಹುಡುಕ್ಕೊಂಡು ಹೋಗಬೇಕು. ಪನಾಮಾ ಸೊರಗು ರೋಗ ಅಂತ ಮಣ್ಣಿನಲ್ಲಿರೋ ಒಂದು ಶಿಲೀಂಧ್ರ, ಬೇರಿಂದ ಒಳಗೆ ಹೋಗಿ ಗಿಡದ ನೀರಿನ ನಾಳಗಳನ್ನೇ ಕಟ್ಟಿಬಿಡುತ್ತೆ, ಕೆಳಗಿನ ಎಲೆಯಿಂದ ಹಳದಿಯಾಗ್ತಾ ಬಂದು ದಿಂಡಿನ ಸುತ್ತ ಒಣಗಿ ಜೋತು ಬೀಳುತ್ತೆ, ದಿಂಡು ಕಡಿದು ನೋಡಿದ್ರೆ ಒಳಗೆ ಕಂದು ಕಲೆ. ಒಂದು ಸಲ ಮಣ್ಣಿಗೆ ಬಂತು ಅಂದ್ರೆ ದಶಕಗಟ್ಟಲೆ ಹೋಗಲ್ಲ. ರಸಬಾಳೆಗೆ ಬೀಜ ಇಲ್ಲ, ಬುಡದಲ್ಲಿ ಬರೋ ಮರಿ ಗಿಡ, ಅಂದ್ರೆ ಕಂದು, ಅದನ್ನ ಕಿತ್ತು ನೆಡೋದೇ ತಲೆತಲಾಂತರದಿಂದ ಬಂದಿರೋದು, ಅಂದ್ರೆ ಇಡೀ ಸೀಮೆಯ ರಸಬಾಳೆಯೆಲ್ಲ ಹೆಚ್ಚುಕಮ್ಮಿ ಒಂದೇ ಗಿಡ. ಒಂದಕ್ಕೆ ತಡೆಯೋ ಶಕ್ತಿ ಇಲ್ಲ ಅಂದ್ರೆ ಯಾವುದಕ್ಕೂ ಇಲ್ಲ. ಕಂದು ಜೊತೆಗೇ ರೋಗನೂ ತೋಟದಿಂದ ತೋಟಕ್ಕೆ ಹೋಯ್ತು.

ಇದೇನು ನಮ್ಮ ದುರದೃಷ್ಟ ಒಂದೇ ಅಲ್ಲ. ಅಮೆರಿಕ, ಯೂರೋಪಿನವರು 1950ರ ದಶಕದವರೆಗೂ ತಿಂತಾ ಇದ್ದ ಬಾಳೆಹಣ್ಣು ಗ್ರೋ ಮಿಶೆಲ್ ಅಂತ ಬೇರೆ ತಳಿ, ಅದನ್ನೂ ಇದೇ ರೋಗ ಮಧ್ಯ ಅಮೆರಿಕದ ತೋಟಗಳಲ್ಲಿ ಮುಗಿಸಿ ಹಾಕ್ತು. ಆಮೇಲೆ ಎಲ್ಲರೂ ಕ್ಯಾವೆಂಡಿಶ್‌ಗೆ ಬಂದ್ರು, ಆ ರೋಗಕ್ಕೆ ಅದು ಬಗ್ಗಲಿಲ್ಲ ಅಂತ. ನಮ್ಮಲ್ಲಿ ರೈತರು ಜಿ-ನೈನ್ ಅಂತಾರಲ್ಲ, ಪಚ್ಚಬಾಳೆ ಜಾತಿಯ ಆ ಟಿಶ್ಯೂ ಕಲ್ಚರ್ ಬಾಳೆ (ಗಿಡದ ಚೂರನ್ನ ಲ್ಯಾಬಲ್ಲಿ ಬೆಳೆಸಿ ಮಾಡೋ ಸಸಿ), ಅದೂ ಕ್ಯಾವೆಂಡಿಶ್ ಗುಂಪೇ. ಒಂದೇ ಎತ್ತರ, ಒಂದೇ ದಿನಕ್ಕೆ ಗೊನೆ, ಒಂದೇ ಸಲ ಕಟಾವು, ಲಾರಿಯವನಿಗೂ ಅನುಕೂಲ, ಮಂಡಿಯವನಿಗೂ ಅನುಕೂಲ. ಈಗ ಅದೇ ಶಿಲೀಂಧ್ರದ ಇನ್ನೊಂದು ಅವತಾರ, ಟಿಆರ್-ಫೋರ್ ಅಂತ, ಕ್ಯಾವೆಂಡಿಶನ್ನೂ ಬಿಡಲ್ಲ ಅದು, ಬಿಹಾರ, ಉತ್ತರ ಪ್ರದೇಶದ ತೋಟಗಳವರೆಗೂ ಬಂದಿದೆ. ಡಾಲಿ ಕುರಿ ನೋಡಿ ಹೆದರಿಕೊಂಡ ಜಗತ್ತು ಇಷ್ಟು ದೊಡ್ಡ ಕ್ಲೋನ್ ತೋಟ ನೋಡಿ ಹೆದರಲಿಲ್ಲ ಅನ್ನೋದೇ ತಮಾಷೆ.

ಡಾಲಿ ಕತೆ ಬಹಳ ಜನಕ್ಕೆ ಗೊತ್ತು, ಆದ್ರೂ ಅದರ ಲೆಕ್ಕ ಒಂದ್ಸಲ ನೋಡಬೇಕು. ಸ್ಕಾಟ್ಲೆಂಡಿನ ಎಡಿನ್‌ಬರೋ ಹತ್ತಿರ ರಾಸ್ಲಿನ್ ಇನ್‌ಸ್ಟಿಟ್ಯೂಟ್, ಇಯಾನ್ ವಿಲ್ಮಟ್, ಕೀತ್ ಕ್ಯಾಂಪ್‌ಬೆಲ್ ಮತ್ತವರ ತಂಡ. ಆರು ವರ್ಷದ ಒಂದು ಬಿಳಿ ಮುಖದ ಕುರಿಯ ಕೆಚ್ಚಲಿನಿಂದ ತೆಗೆದ ಜೀವಕೋಶ, ಇನ್ನೊಂದು ಕುರಿಯ ಅಂಡದಿಂದ ಕೋಶಕೇಂದ್ರ ತೆಗೆದು ಖಾಲಿ ಮಾಡಿ, ಎರಡನ್ನೂ ಸಣ್ಣ ಕರೆಂಟ್ ಶಾಕ್ ಕೊಟ್ಟು ಬೆಸೆದಿದ್ದು, 277 ಸಲ. ಅದರಲ್ಲಿ ಭ್ರೂಣ ಅಂತ ನಿಂತಿದ್ದು 29. ಅವನ್ನ 13 ಕುರಿಗಳ ಗರ್ಭಕ್ಕೆ ಹಾಕಿದ್ರು, ಹುಟ್ಟಿದ್ದು ಒಂದು ಮರಿ, 1996ರ ಜುಲೈ 5ಕ್ಕೆ. ಹೊತ್ತು ಹೆತ್ತ ಕುರಿ ಕಪ್ಪು ಮುಖದ ಜಾತಿ, ಮರಿ ಬಿಳಿ ಮುಖದ್ದು, ನೋಡಿದ ತಕ್ಷಣ ಇದು ಅದರ ಮಗು ಅಲ್ಲ ಅಂತ ಗೊತ್ತಾಗೋ ಹಾಗೆ. ಕೆಚ್ಚಲಿನ ಕೋಶದಿಂದ ಬಂದಿದ್ದಕ್ಕೆ ಗಾಯಕಿ ಡಾಲಿ ಪಾರ್ಟನ್ ಹೆಸರಿಟ್ಟಿದ್ದು ಲ್ಯಾಬ್ ಗಂಡಸರ ಪೋಲಿ ಜೋಕು, ಅದಿರಲಿ. ನನಗೆ ಕಾಡೋದು ಇನ್ನೊಂದು. ಕೋಶ ಕೊಟ್ಟ ಆ ಮೂಲ ಕುರಿ ಡಾಲಿ ಹುಟ್ಟೋ ಹೊತ್ತಿಗೆ ಸತ್ತೇ ಹೋಗಿತ್ತು, ಫ್ರೀಜರಲ್ಲಿ ಅದರ ಕೋಶ ಮಾತ್ರ ಇತ್ತು. ನಕಲಿಗೆ ಜಗತ್ಪ್ರಸಿದ್ಧ ಹೆಸರು, ಅಸಲಿಗೆ ಹೆಸರೇ ಇಲ್ಲ.

ಡಾಲಿ 2003ರ ಫೆಬ್ರವರಿ 14ಕ್ಕೆ ಸತ್ತಾಗ ಪೇಪರಲ್ಲೆಲ್ಲ ಬಂದಿದ್ದು, ಕ್ಲೋನ್ ಅಲ್ವಾ, ಹುಟ್ಟುವಾಗಲೇ ಆರು ವರ್ಷದ ಮುದಿ ಕೋಶ, ಬೇಗ ಹೋಯ್ತು ಅಂತ. ಕೇಳೋಕೆ ಕರ್ಮ ಸಿದ್ಧಾಂತದ ಥರ ಇದೆ, ದೇವರ ಕೆಲಸಕ್ಕೆ ಕೈ ಹಾಕಿದ್ರೆ ಹಿಂಗೇ ಆಗೋದು ಅಂತ. ನಿಜ ಏನಂದ್ರೆ ಅದಕ್ಕೆ ಬಂದಿದ್ದು ಕುರಿಗಳಲ್ಲಿ ವೈರಸ್ಸಿಂದ ಹರಡೋ ಶ್ವಾಸಕೋಶದ ಗೆಡ್ಡೆ, ಅದೇ ಕೊಟ್ಟಿಗೆಯ ಬೇರೆ ಕುರಿಗಳಿಗೂ ಬಂದಿತ್ತು. ಡಾಲಿ ಹುಟ್ಟಿದ ಅದೇ ಕೆಚ್ಚಲಿನ ಕೋಶಗಳಿಂದ ಆಮೇಲೆ ಇನ್ನೂ ನಾಲ್ಕು ಕುರಿ ಮಾಡಿದ್ರು, ನಾಟಿಂಗ್‌ಹ್ಯಾಮ್‌ನಲ್ಲಿ, 2016ರಲ್ಲಿ ಅವನ್ನ ಪರೀಕ್ಷೆ ಮಾಡಿದಾಗ ಕುರಿಗಳ ಲೆಕ್ಕದಲ್ಲಿ ಅಜ್ಜಿ ವಯಸ್ಸಾಗಿದ್ರೂ ಗಟ್ಟಿಮುಟ್ಟಾಗೇ ಇದ್ವು. ಈ ಸುದ್ದಿ ಮಾತ್ರ ಯಾರಿಗೂ ತಲುಪಲೇ ಇಲ್ಲ, ಯಾಕೆ ಅಂತ ನಿಮಗೂ ಗೊತ್ತು.

ಇನ್ನು ತದ್ರೂಪ ಅನ್ನೋ ಮಾತು. 2001ರ ಡಿಸೆಂಬರಲ್ಲಿ ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ಯೂನಿವರ್ಸಿಟಿಯಲ್ಲಿ ಒಂದು ಬೆಕ್ಕಿನ ಕ್ಲೋನ್ ಹುಟ್ತು, ಹೆಸರು ಸಿಸಿ. ಅದರ ಮೂಲ ಬೆಕ್ಕು ರೇನ್‌ಬೋ, ಮೂರು ಬಣ್ಣದ್ದು, ಮೈಮೇಲೆ ಕೇಸರಿ ತೇಪೆ. ಸಿಸಿಗೆ ಕೇಸರಿ ಬಣ್ಣವೇ ಇರಲಿಲ್ಲ! ಹೆಣ್ಣು ಬೆಕ್ಕಿಗೆ ಎರಡು ಎಕ್ಸ್ ಕ್ರೋಮೋಸೋಮ್ ಇರುತ್ತೆ, ರೇನ್‌ಬೋ ಥರದ ಬೆಕ್ಕಿಗೆ ಒಂದರಲ್ಲಿ ಕೇಸರಿ, ಇನ್ನೊಂದರಲ್ಲಿ ಕಪ್ಪು, ಒಂದೊಂದು ಕೋಶನೂ ತನ್ನಷ್ಟಕ್ಕೆ ಯಾವುದೋ ಒಂದನ್ನ ಆಫ್ ಮಾಡ್ಕೊಳುತ್ತೆ, ಅದಕ್ಕೇ ಆ ತೇಪೆ ತೇಪೆ. ಕ್ಲೋನ್ ಮಾಡೋಕೆ ತಗೊಂಡಿದ್ದು ಒಂದೇ ಕೋಶ ತಾನೆ, ಅದರಲ್ಲಿ ಕೇಸರಿ ಆಫ್ ಆಗಿತ್ತು, ಅದು ಮತ್ತೆ ಆನ್ ಆಗಲಿಲ್ಲ. ತಮ್ಮ ಬೆಕ್ಕು ವಾಪಸ್ ಬೇಕು ಅಂತ ದುಡ್ಡು ಕೊಡೋಕೆ ರೆಡಿ ಇದ್ದವರಿಗೆ ಹೇಳೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ. ಆದ್ರೂ ಜನ ಬಿಡಲಿಲ್ಲ, ಹಾಡುಗಾರ್ತಿ ಬಾರ್ಬ್ರಾ ಸ್ಟ್ರೈಸಂಡ್ ತನ್ನ ಸತ್ತ ನಾಯಿಯಿಂದ ಎರಡು ಮರಿ ಮಾಡಿಸಿಕೊಂಡೆ ಅಂತ 2018ರಲ್ಲಿ ಹೇಳಿದ್ರು, ಎರಡರ ಗುಣವೂ ಬೇರೆ ಬೇರೆ ಅಂತಾನೂ ಅವರೇ ಹೇಳಿದ್ರು. ಅರ್ಜೆಂಟೀನಾದ ಪೋಲೋ ಆಟಗಾರ ಅಡಾಲ್ಫೋ ಕಾಂಬಿಯಾಸೋ ಮಾತ್ರ ಸೆಂಟಿಮೆಂಟ್ ಇಲ್ಲದೆ ಕೆಲಸಕ್ಕಾಗಿ ಮಾಡಿಸಿದ್ದು, 2016ರ ಅರ್ಜೆಂಟೀನಾ ಓಪನ್ ಫೈನಲ್ಲಲ್ಲಿ ಕ್ವಾರ್ಟೆಟೇರಾ ಅನ್ನೋ ಒಂದೇ ಕುದುರೆಯ ಆರು ಕ್ಲೋನ್‌ಗಳ ಮೇಲೆ ಆಡಿ ಕಪ್ ಗೆದ್ದ. ಕುದುರೆಗಳಿಗೆ ಏನನ್ನಿಸ್ತೋ.

ನಮ್ಮ ದೇಶದಲ್ಲಿ ಕ್ಲೋನ್ ಅಂದ್ರೆ ಎಮ್ಮೆ. ಹರಿಯಾಣದ ಕರ್ನಾಲ್‌ನಲ್ಲಿರೋ ಎನ್‌ಡಿಆರ್‌ಐ, ಡೈರಿ ಸಂಶೋಧನೆಯ ಕೇಂದ್ರ, ಅಲ್ಲಿ 2009ರಲ್ಲಿ ಎಮ್ಮೆಯ ಕ್ಲೋನ್ ಹುಟ್ಟಿಸಿದ್ರು. ಮೊದಲನೇದು ಸಮರೂಪಾ, ಅದು ಕೆಲವೇ ದಿನಕ್ಕೆ ಹೋಯ್ತು, ಆಮೇಲೆ ಗರಿಮಾ, ಅದಾದ್ಮೇಲೆ ಗರಿಮಾ-2. ಆ ಗರಿಮಾ-2 ಮಾಮೂಲಿಯಾಗೇ ಬಸುರಿಯಾಗಿ 2013ರಲ್ಲಿ ಮಹಿಮಾ ಅನ್ನೋ ಕರು ಹಾಕ್ತು. ಲಕ್ಷಾಂತರ ಬೆಲೆಯ ಯಂತ್ರ ಇಲ್ಲದೆ, ಮೈಕ್ರೋಸ್ಕೋಪ್ ಕೆಳಗೆ ಕೈಯಲ್ಲೇ ಸಣ್ಣ ಬ್ಲೇಡ್ ಹಿಡಿದು ಅಂಡ ಕತ್ತರಿಸೋ ವಿಧಾನ ಅವರದ್ದು. ಕಸಿ ಕಟ್ಟೋ ಬ್ಲೇಡ್ ನೆನಪಾಗುತ್ತೆ ನನಗೆ. ಉದ್ದೇಶನೂ ಸಿಂಪಲ್, ಜಾಸ್ತಿ ಹಾಲು. 2023ರಲ್ಲಿ ಗಂಗಾ ಅಂತ ಗಿರ್ ಹಸು ಕೂಡ ಬಂತು.

ಕೇಳಿ ಮಾಡೋದು ಅಂದ್ನಲ್ಲ, ಅದಕ್ಕೆ ಒಂದು ಚೀತಾ ಕತೆ ಇದೆ. ಮಧ್ಯಪ್ರದೇಶದ ಕೂನೋ ಕಾಡಿಗೆ 2022ರಲ್ಲಿ ನಮೀಬಿಯಾದಿಂದ ಚೀತಾ ತಂದ್ರಲ್ಲ, ಅದಕ್ಕೂ ಸುಮಾರು ಇಪ್ಪತ್ತು ವರ್ಷ ಮುಂಚೆ ಹೈದರಾಬಾದಿನ ಸಿಸಿಎಂಬಿ ಅನ್ನೋ ಜೀವಕೋಶ ಸಂಶೋಧನಾ ಕೇಂದ್ರದವರಿಗೆ ಇನ್ನೊಂದು ಪ್ಲಾನ್ ಇತ್ತು. ಏಷ್ಯಾದ ಚೀತಾ ಉಳಿದಿರೋದು ಇರಾನ್‌ನಲ್ಲಿ ಮಾತ್ರ, ಒಂದು ಜೋಡಿ ಕೊಡಿ, ಅದಾಗಲ್ವಾ, ಜೀವಕೋಶನಾದ್ರೂ ತೆಗೆದುಕೊಳ್ಳೋಕೆ ಬಿಡಿ, ಕ್ಲೋನ್ ಮಾಡ್ತೀವಿ ಅಂತ ಕೇಳಿದ್ರು. ಇರಾನ್ ಎರಡಕ್ಕೂ ಇಲ್ಲ ಅಂತು. ಆವಾಗ ನಮಗೆ ಬೇಜಾರಾಗಿತ್ತೇನೋ, ಆದ್ರೆ ಅವರದ್ದೂ ಸರಿನೇ ಅನ್ಸುತ್ತೆ ಈಗ. ಚರ್ಮದ ಚೂರು ತಾನೆ, ಕೊಟ್ರೆ ಏನಾಗುತ್ತೆ ಅನ್ನೋ ಹಾಗಿಲ್ಲ. ಕಡ್ಡಿ ಕೊಟ್ರೆ ಮರ ಕೊಟ್ಟಂಗೇ.

ಔಷಧಿ ಅಂಗಡಿಯಲ್ಲಿರೋ ಕ್ಲೋನ್ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಸಕ್ಕರೆ ಕಾಯಿಲೆಯವರ ಫ್ರಿಜ್ಜಲ್ಲಿ ಇರೋ ಇನ್ಸುಲಿನ್, ಮುಂಚೆ ದನದ, ಹಂದಿಯ ಮೇದೋಜೀರಕ ಗ್ರಂಥಿಯಿಂದ ತೆಗೀತಿದ್ರು, 1978ರಲ್ಲಿ ಮನುಷ್ಯನ ಇನ್ಸುಲಿನ್ ಜೀನನ್ನ ಬ್ಯಾಕ್ಟೀರಿಯಾದೊಳಗೆ ಕ್ಲೋನ್ ಮಾಡಿದ್ರು, 1982ಕ್ಕೆ ಮಾರುಕಟ್ಟೆಗೆ ಬಂತು. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಒಂದು ಜಾತಿ ಯೀಸ್ಟಲ್ಲಿ ಅದನ್ನ ತಯಾರಿಸಿ ಮಾರೋಕೆ ಶುರು ಮಾಡ್ತು. ಇಲ್ಲಿ ಜೀವಿ ಇಡಿಯಾಗಿ ನಕಲಾಗಲ್ಲ, ಒಂದು ಸಾಲು ನಕಲಾಗುತ್ತೆ. ಮಡಿ ಮೈಲಿಗೆ ನೋಡೋ ಎಷ್ಟು ಜನ ಅಜ್ಜಿಯಂದಿರು ದಿನಾ ಬೆಳಿಗ್ಗೆ ಕ್ಲೋನ್ ಚುಚ್ಚಿಕೊಂಡೇ ತಿಂಡಿ ತಿನ್ನೋದು ಅಂತ ಯೋಚನೆ ಮಾಡಿದ್ರೆ ಖುಷಿಯಾಗುತ್ತೆ. ಬಸುರು ಟೆಸ್ಟ್ ಕಿಟ್ಟಿನ ಎರಡು ಗೆರೆ ಬರೋದೂ ಮೊನೋಕ್ಲೋನಲ್ ಆಂಟಿಬಾಡಿಯಿಂದ, ಅಂದ್ರೆ ಒಂದೇ ಕೋಶದ ಸಂತಾನ ತಯಾರಿಸಿದ ಪ್ರೋಟೀನು.

ಬೆಂಗಳೂರಿನೋರಿಗೆ ಕ್ಲೋನ್ ಅಂದ್ರೆ ನಿಜವಾಗಿ ಎಸ್‌ಪಿ ರೋಡು. ಬ್ರಾಂಡೆಡ್ ಕಂಪ್ಯೂಟರ್ ತಗೊಳೋ ಯೋಗ್ಯತೆ ಇಲ್ಲದ ಕಾಲದಲ್ಲಿ ಅಲ್ಲಿ ಹೋಗಿ ಮದರ್‌ಬೋರ್ಡ್ ಒಂದು ಅಂಗಡಿ, ರ‍್ಯಾಮ್ ಇನ್ನೊಂದು ಅಂಗಡಿ, ಕ್ಯಾಬಿನೆಟ್ ಮೂರನೇದು, ಹುಡುಗ ಅಲ್ಲೇ ಕೌಂಟರ್ ಮೇಲೆ ಸ್ಕ್ರೂ ಹಾಕಿ ಜೋಡಿಸಿ ಕೊಡ್ತಿದ್ದ, ಆಟೋದಲ್ಲಿ ತೊಡೆ ಮೇಲೆ ಮಾನಿಟರ್ ಇಟ್ಕೊಂಡು ಮನೆಗೆ. ಅಸೆಂಬಲ್ಡ್ ಸಿಸ್ಟಮ್ ಅಂತಿದ್ವಿ. ಅದು ಸಾಧ್ಯ ಆಗಿದ್ದು ಐಬಿಎಂ ಕ್ಲೋನ್‌ಗಳಿಂದ. ಐಬಿಎಂನೋರು 1981ರಲ್ಲಿ ಪಿಸಿ ಬಿಟ್ಟಾಗ ಬಿಡಿಭಾಗ ಎಲ್ಲ ಪೇಟೆಯಲ್ಲಿ ಸಿಗೋವೇ ಹಾಕಿದ್ರು, ಅವರದ್ದೇ ಅಂತ ಇದ್ದಿದ್ದು ಬಯೋಸ್ ಅನ್ನೋ ಸಣ್ಣ ಪ್ರೋಗ್ರಾಮ್. ಅದರ ಕೋಡನ್ನೂ ಅವರೇ ಪುಸ್ತಕದಲ್ಲಿ ಛಾಪಿಸಿದ್ರು, ಓದಬಹುದು, ನಕಲು ಮಾಡಿದ್ರೆ ಕೋರ್ಟು. ಕಾಂಪ್ಯಾಕ್ ಕಂಪನಿಯವರು ಎರಡು ಗುಂಪು ಮಾಡಿದ್ರು, ಒಂದು ಗುಂಪು ಓದಿ ಇದು ಏನೇನು ಮಾಡುತ್ತೆ ಅಂತ ಮಾತ್ರ ಬರೆಯೋದು, ಇನ್ನೊಂದು ಗುಂಪು ಆ ಕೋಡನ್ನ ಕಣ್ಣಲ್ಲೂ ನೋಡಿರಬಾರದು, ಅವರು ಆ ವಿವರ ನೋಡ್ಕೊಂಡು ಹೊಸದಾಗಿ ಬರೀಬೇಕು. ಹಂಗೆ 1982ರ ಕೊನೆಗೆ ಕ್ಲೋನ್ ರೆಡಿ ಅಂತ ಸಾರಿಯೇಬಿಟ್ರು. ಸಾಲು ಒಂದೂ ಕದ್ದಿಲ್ಲ, ಗುಣ ಪೂರ್ತಿ ಬಂದಿದೆ.

ಹಂಗಾದ್ರೆ ಕೇಳದೆ ಮಾಡಿದ್ದು ತಪ್ಪಲ್ವಾ ಅಂತ ನನ್ನ ಮಾತೇ ನನಗೆ ತಿರುಗಿಸಿ ಕೇಳಬಹುದು ನೀವು. ಕೇಳಿದ್ರೆ ಐಬಿಎಂ ಕೊಡ್ತಿರಲಿಲ್ಲ, ನಮಗೆ ಎಸ್‌ಪಿ ರೋಡೂ ಇರ್ತಿರಲಿಲ್ಲ, ಈ ಊರಿನ ಅರ್ಧ ಜನಕ್ಕೆ ಈಗಿರೋ ಕೆಲಸನೂ. ದೊಡ್ಡ ಕಂಪನಿಯ ಡಬ್ಬ ನಕಲು ಮಾಡೋದಕ್ಕೂ ಒಬ್ಬ ರೈತನ ಮರದ ಕಡ್ಡಿ ಮುರಿಯೋದಕ್ಕೂ ಒಂದೇ ತಕ್ಕಡಿ ಬೇಡ ಅಂತ ಮಾತ್ರ ಹೇಳಬಲ್ಲೆ. ಈಗಂತೂ ಸಾಫ್ಟ್‌ವೇರ್ ಹುಡುಗರು ಬೆಳಗ್ಗೆ ಎದ್ದರೆ ಗಿಟ್ ಕ್ಲೋನ್ ಅಂತ ಟೈಪ್ ಮಾಡ್ತಾರೆ, ಇಡೀ ಪ್ರಾಜೆಕ್ಟು ಚರಿತ್ರೆ ಸಮೇತ ಲ್ಯಾಪ್‌ಟಾಪಿಗೆ ಇಳಿಯುತ್ತೆ, ಲೈಸೆನ್ಸಲ್ಲಿ ತಗೊಳಿ ಅಂತಾನೇ ಬರೆದಿರುತ್ತೆ. 277 ಪ್ರಯತ್ನಕ್ಕೆ ಒಂದು ಕುರಿ ಎಲ್ಲಿ, ಎಂಟರ್ ಒತ್ತಿದ್ರೆ ಒಂದು ಎಲ್ಲಿ. ನಕಲು ಪುಕ್ಕಟೆ ಆದಾಗಲೇ ನಿಜವಾದ ತಲೆನೋವು ಶುರು.

ಹೆಬ್ಬೆಟ್ಟಿನ ಕತೆ ಗೊತ್ತಲ್ಲ. 2023ರಲ್ಲಿ ನಮ್ಮ ರಾಜ್ಯದಲ್ಲೇ ಜನರ ಅಕೌಂಟಿಂದ ಆಧಾರ್ ಪೇಮೆಂಟ್ ಮೂಲಕ ದುಡ್ಡು ಮಾಯ ಆಗೋಕೆ ಶುರುವಾಯ್ತು, ಓಟಿಪಿ ಬಂದಿಲ್ಲ, ಲಿಂಕ್ ಒತ್ತಿಲ್ಲ, ಯಾರಿಗೂ ಏನೂ ಹೇಳಿಲ್ಲ. ಆಮೇಲೆ ನೋಡಿದ್ರೆ ಆಸ್ತಿ ರಿಜಿಸ್ಟ್ರೇಷನ್ ಪತ್ರದಲ್ಲಿ ಹಾಕಿದ್ದ ಹೆಬ್ಬೆಟ್ಟಿನ ಗುರುತನ್ನೇ ತೆಗೆದು ಸಿಲಿಕಾನ್ ಬೆರಳು ಮಾಡಿದ್ರು. ಸೈಟ್ ತಗೊಂಡಿದ್ದೇ ತಪ್ಪಾಯ್ತು. ಪಾಸ್‌ವರ್ಡ್ ಕದ್ದರೆ ಬದಲಾಯಿಸಬಹುದು, ಬೆರಳು ಕದ್ದರೆ? ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಅಂದ್ರು, ಮಾಡಿಕೊಂಡ್ವಿ. ನೀವಿನ್ನೂ ಮಾಡಿಲ್ಲ ಅಂದ್ರೆ ಇದನ್ನ ಓದಿ ಮುಗಿಸಿ ಮೊದಲು ಆ ಕೆಲಸ ಮಾಡಿ.

ಆದ್ರೆ ಕ್ಲೋನ್ ಅಂದ್ರೆ ನಮ್ಮವರಿಗೆ ಬರೀ ಭಯ ಅಂತ ಹೇಳಿದ್ರೆ ಅನ್ಯಾಯ, ಪ್ರೀತಿನೂ ಇದೆ. ಗಣೇಶನ ಹಬ್ಬ, ನವೆಂಬರ್ ರಾಜ್ಯೋತ್ಸವ ಬಂತು ಅಂದ್ರೆ ಸಾಕು, ಬೀದಿ ಬೀದಿಯಲ್ಲಿ ಆರ್ಕೆಸ್ಟ್ರಾ, ಸ್ಟೇಜ್ ಮೇಲೆ ಜ್ಯೂನಿಯರ್ ರಾಜ್‌ಕುಮಾರ್, ಜ್ಯೂನಿಯರ್ ವಿಷ್ಣುವರ್ಧನ್, ಜ್ಯೂನಿಯರ್ ಶಂಕರ್‌ನಾಗ್. ಹತ್ತಿರ ನಿಂತು ನೋಡಿದ್ರೆ ಮುಖ ಅಷ್ಟೇನೂ ಹೋಲಲ್ಲ, ವಿಗ್ಗು ಸ್ವಲ್ಪ ಹಿಂದೆ ಸರಿದಿರುತ್ತೆ, ಬೆವರಿಗೆ ಪೌಡರ್ ಗೆರೆ ಗೆರೆ ಇಳೀತಾ ಇರುತ್ತೆ, ಆದ್ರೆ ಆ ಮನುಷ್ಯ ವಿಷ್ಣು ಥರ ಕೈಯ ಕಡಗ ಹಿಂದೆ ತಳ್ಳಿದ ಅಂದ್ರೆ ಇಡೀ ಬೀದಿ ಶಿಳ್ಳೆ. ಅವನು ವಿಷ್ಣು ಅಲ್ಲ ಅನ್ನೋದು ಶಿಳ್ಳೆ ಹೊಡೆಯೋನಿಗೂ ಗೊತ್ತು, ಅವನಿಗೂ ಗೊತ್ತು, ಅದೇ ಮಜಾ. ಹಗಲು ಹೊತ್ತು ಎಲ್ಲೋ ಅಂಗಡಿ ನೋಡ್ಕೊಂಡೋ ಆಟೋ ಓಡಿಸ್ಕೊಂಡೋ ಇರೋ ಮನುಷ್ಯ, ರಾತ್ರಿ ಮೂರು ಹಾಡಿಗೆ ದಾದಾ. ಅವನ ವರ್ಷಗಟ್ಟಲೆ ಅಭ್ಯಾಸ ಅದರಲ್ಲಿದೆ, ಅವನ ಮೈಯೇ ಅದಕ್ಕೆ ಹಾಕಿದ ಬಂಡವಾಳ.

2016ರಲ್ಲಿ ಇನ್ನೊಂದು ಥರ ವಿಷ್ಣುವರ್ಧನ್ ಬಂದ್ರು. ಅವರು ತೀರಿಕೊಂಡಿದ್ದು 2009ರ ಡಿಸೆಂಬರ್ 30, ಏಳು ವರ್ಷ ಆದ್ಮೇಲೆ ಕೋಡಿ ರಾಮಕೃಷ್ಣ ನಿರ್ದೇಶನದ ಹೊಸ ನಾಗರಹಾವು ಸಿನಿಮಾದಲ್ಲಿ ಗ್ರಾಫಿಕ್ಸ್‌ನಲ್ಲಿ ಅವರ ಮುಖ ಕಟ್ಟಿ ತೆರೆ ಮೇಲೆ ತಂದ್ರು. ಥಿಯೇಟರಲ್ಲಿ ಅಭಿಮಾನಿಗಳು ಅತ್ತಿದ್ದೂ ಇದೆ. ನನಗೆ ಆ ಮುಖ ನೋಡಿ ಒಂಥರಾ ಕಸಿವಿಸಿ, ಎಲ್ಲಾ ಸರಿಯಿದೆ, ಕಣ್ಣಲ್ಲಿ ಮಾತ್ರ ಯಾರೂ ಇಲ್ಲ. ಬೀದಿಯ ಜ್ಯೂನಿಯರ್ ವಿಷ್ಣು ಅದಕ್ಕಿಂತ ಮೇಲು ಅನಿಸ್ತು, ಹೋಲಿಕೆ ಕಮ್ಮಿ ಆದ್ರೂ ಒಳಗೆ ಒಬ್ಬ ಮನುಷ್ಯ ಇದ್ದ.

ಅಪ್ಪು ವಿಷಯಕ್ಕೆ ಬಂದ್ರೆ ಇಷ್ಟು ಸಲೀಸಾಗಿ ತೀರ್ಪು ಕೊಡೋಕೆ ನನಗೆ ಆಗಲ್ಲ. 2021ರ ಅಕ್ಟೋಬರ್ 29. ಜೇಮ್ಸ್ ಶೂಟಿಂಗ್ ಬಹುತೇಕ ಮುಗಿದಿತ್ತು, ಡಬ್ಬಿಂಗ್ ಆಗಿರಲಿಲ್ಲ. ಅಣ್ಣ ಶಿವಣ್ಣ ತಮ್ಮನಿಗೆ ದನಿ ಕೊಟ್ರು, 2022ರ ಮಾರ್ಚ್ 17ಕ್ಕೆ, ಅಪ್ಪು ಹುಟ್ಟುಹಬ್ಬಕ್ಕೆ, ಸಿನಿಮಾ ಬಂತು. ಶಿವಣ್ಣನ ದನಿ ಗೊತ್ತಿರದ ಕನ್ನಡಿಗ ಯಾರಿದಾನೆ, ತುಟಿ ತಮ್ಮಂದು, ದನಿ ಅಣ್ಣಂದು, ಎರಡೂ ಗೊತ್ತಿರೋದೇ. ಮುಂದಿನ ತಿಂಗಳು ತಂತ್ರಜ್ಞಾನದ ಸಹಾಯದಿಂದ ಅಪ್ಪು ದನಿಯಲ್ಲೇ ಮತ್ತೆ ಬಿಡುಗಡೆ ಮಾಡಿದ್ರು, ಜನ ಮತ್ತೆ ಹೋಗಿ ನೋಡಿದ್ರು. ಯಾವುದು ಅಸಲಿಗೆ ಹತ್ತಿರ ಅಂತ ಕೇಳಿದ್ರೆ ಕಿವಿ ಎರಡನೇದು ಅನ್ನುತ್ತೆ. ನನಗೆ ಮೊದಲನೇದು. ತಮ್ಮನಿಗೋಸ್ಕರ ಮೈಕ್ ಮುಂದೆ ನಿಂತ ಅಣ್ಣನ ದನಿಯಲ್ಲಿ ಏನಿತ್ತೋ ಅದನ್ನ ಯಾವ ಕಂಪ್ಯೂಟರ್ರೂ ಜೋಡಿಸಲಿಲ್ಲ, ಜೋಡಿಸೋ ಅಗತ್ಯನೂ ಇರಲಿಲ್ಲ. ಆದ್ರೆ ಎರಡನೇದನ್ನ ನೋಡಿ ಸಮಾಧಾನ ಪಟ್ಟವರನ್ನ ನಾನು ಹಗುರವಾಗಿ ನೋಡಲ್ಲ, ಮನೆಯವರು, ಚಿತ್ರತಂಡ, ಅಭಿಮಾನಿಗಳು ಎಲ್ಲ ಸೇರಿ ಬಯಸಿ ಮಾಡಿದ್ದು ಅದು.

ಬಯಸಿ ಮಾಡಿದ್ದು ಅಂದ್ನಲ್ಲ, ಅದೇ ವ್ಯತ್ಯಾಸ. 2024ರ ಶುರುವಿನಲ್ಲಿ ಎ.ಆರ್. ರೆಹಮಾನ್ ತೀರಿಕೊಂಡ ಇಬ್ಬರು ಗಾಯಕರ ದನಿಯನ್ನ ಎಐನಲ್ಲಿ ಮರಳಿ ತಂದು ಒಂದು ತಮಿಳು ಹಾಡು ಮಾಡಿದ್ರು, ಬಂಬಾ ಬಾಕ್ಯಾ ಮತ್ತೆ ಶಾಹುಲ್ ಹಮೀದ್, ಮನೆಯವರ ಒಪ್ಪಿಗೆ ತಗೊಂಡಿದೀವಿ, ಸಂಭಾವನೆನೂ ಕೊಟ್ಟಿದೀವಿ ಅಂದ್ರು. ಅದೇ ಹೊತ್ತಿಗೆ ಒಂದು ತೆಲುಗು ಸಿನಿಮಾದಲ್ಲಿ ಎಸ್‌ಪಿಬಿ ದನಿಯನ್ನ ಕೇಳದೆ ಬಳಸಿದ್ರು ಅಂತ ಅವರ ಮಗ ಚರಣ್ ಲೀಗಲ್ ನೋಟಿಸ್ ಕೊಟ್ರು. ಎರಡರಲ್ಲೂ ತಂತ್ರ ಒಂದೇ ಥರದ್ದು. ಅದೇ ವರ್ಷ ಬಾಂಬೆ ಹೈಕೋರ್ಟು ಅರಿಜಿತ್ ಸಿಂಗ್ ದನಿ ಕ್ಲೋನ್ ಮಾಡೋ ಆಪ್‌ಗಳಿಗೆ ತಡೆ ಕೊಡ್ತು. ದೊಡ್ಡವರಿಗೆ ಕೋರ್ಟ್ ಇದೆ, ಸರಿ. ನಮ್ಮ ಜ್ಯೂನಿಯರ್ ವಿಷ್ಣುಗೆ ಬರೋ ವರ್ಷ ಗಣೇಶನ ಕಮಿಟಿಯವರು ಫೋನ್ ಮಾಡ್ತಾರಾ, ಇಲ್ಲಾ ಎಲ್‌ಇಡಿ ಸ್ಕ್ರೀನ್ ಬಾಡಿಗೆಗೆ ತಂದು ಎಐ ವಿಷ್ಣುನ ಕುಣಿಸ್ತಾರಾ, ಅದನ್ನ ಯಾವ ಕೋರ್ಟಲ್ಲೂ ಕೇಳೋಕಾಗಲ್ಲ.

ಇಂಥಾ ಚರ್ಚೆ ಬಂದಾಗೆಲ್ಲ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಒಬ್ಬರು ಮಾವ ಕೌರವರ ಫಾರ್ವರ್ಡ್ ಹಾಕ್ತಾರೆ, ಗಾಂಧಾರಿಯ ಮಾಂಸದ ಮುದ್ದೆ ಭಾಗ ಮಾಡಿ ತುಪ್ಪದ ಕೊಡದಲ್ಲಿಟ್ಟಿದ್ದು ಕ್ಲೋನಿಂಗ್ ಅಲ್ದೆ ಇನ್ನೇನು ಅಂತ. 2019ರ ಸೈನ್ಸ್ ಕಾಂಗ್ರೆಸ್‌ನಲ್ಲಿ ಒಬ್ಬ ಕುಲಪತಿಗಳೇ ವೇದಿಕೆ ಮೇಲೆ ಕೌರವರು ಸ್ಟೆಮ್ ಸೆಲ್, ಪ್ರನಾಳ ಶಿಶು ತಂತ್ರಜ್ಞಾನದಿಂದ ಹುಟ್ಟಿದವರು ಅಂದಮೇಲೆ ಮಾವನಿಗೆ ಏನು ಹೇಳೋದು. ನಾನು ವಾದ ಮಾಡಲ್ಲ, ಒಂದೇ ಮಾತು ಕೇಳ್ತೀನಿ, ಒಂದೇ ಮುದ್ದೆಯಿಂದ ಬಂದವರಲ್ವಾ ಮಾವ, ದ್ರೌಪದಿ ಪರವಾಗಿ ತುಂಬಿದ ಸಭೆಯಲ್ಲಿ ವಿಕರ್ಣ ಒಬ್ಬನೇ ಯಾಕೆ ಎದ್ದು ಮಾತಾಡಿದ? ಮಾವ ಗುಡ್ ನೈಟ್ ಕಳಿಸ್ತಾರೆ.

ಪುರಾಣದಲ್ಲಿ ಈ ಕಾಲಕ್ಕೆ ಬೇಕಾಗಿರೋ ಕತೆ ಅದಲ್ಲ, ದಮಯಂತಿ ಸ್ವಯಂವರ. ಕನಕದಾಸರ ನಳಚರಿತ್ರೆ ಕೇಳಿದವರಿಗೆ ಕತೆ ಗೊತ್ತು. ಇಂದ್ರ, ಅಗ್ನಿ, ವರುಣ, ಯಮ ನಾಲ್ಕೂ ಜನ ನಳನ ರೂಪ ಹಾಕ್ಕೊಂಡು ಬಂದು ಸಾಲಾಗಿ ಕೂತಿದಾರೆ, ಐದು ನಳ, ಹಾರ ಯಾರಿಗೆ ಹಾಕಬೇಕು. ಮಹಾಭಾರತದಲ್ಲಿ ಅವಳು ಗುರುತು ಹಿಡಿಯೋದು ಹೇಗೆ ಅಂದ್ರೆ, ದೇವರುಗಳು ಬೆವರಲ್ಲ, ಕಣ್ಣು ಮಿಟುಕಿಸಲ್ಲ, ಮುಡಿದ ಹೂ ಬಾಡಲ್ಲ, ಕಾಲು ನೆಲಕ್ಕೆ ತಾಗಲ್ಲ, ನೆರಳಿಲ್ಲ. ಬೆವರಿ, ಧೂಳಾಗಿ, ಬಾಡಿದ ಮಾಲೆ ಹಾಕ್ಕೊಂಡು, ರೆಪ್ಪೆ ಬಡೀತಾ ನೆಲದ ಮೇಲೆ ನಿಂತವನು ಅಸಲಿ. 2018ರಲ್ಲಿ ಅಮೆರಿಕದಲ್ಲಿ ಸಿವೇ ಲ್ಯೂ ಅನ್ನೋ ಪ್ರೊಫೆಸರ್ ತಂಡ ಡೀಪ್‌ಫೇಕ್ ವಿಡಿಯೋ ಹಿಡಿಯೋಕೆ ಕಂಡುಕೊಂಡ ಮೊದಮೊದಲ ಉಪಾಯಗಳಲ್ಲಿ ಒಂದು ಇದೇ, ನಕಲಿ ಮುಖ ಕಣ್ಣು ಮಿಟುಕಿಸಲ್ಲ! ಕಂಪ್ಯೂಟರಿಗೆ ಕಲಿಸೋಕೆ ಕೊಟ್ಟ ಫೋಟೋಗಳಲ್ಲಿ ಕಣ್ಣು ಮುಚ್ಚಿದ ಫೋಟೋ ಕಮ್ಮಿ ಇರ್ತಿತ್ತು, ಅಂಥ ಫೋಟೋ ಯಾರು ಹಾಕ್ಕೋತಾರೆ, ಅದಕ್ಕೆ. ಆದ್ರೆ ಅದು ಗೊತ್ತಾಗಿದ್ದೇ ತಡ ಡೀಪ್‌ಫೇಕ್ ಮಾಡೋರು ಕಣ್ಣು ಮಿಟುಕಿಸೋದನ್ನೂ ಕಲಿಸಿದ್ರು. ಈಗಿನ ನಕಲಿ ನಳ ಬೆವರ್ತಾನೂ ಇರ್ತಾನೆ.

ಅದಕ್ಕೇ ನಮ್ಮ ಮನೆಯಲ್ಲಿ ಒಂದು ವ್ಯವಸ್ಥೆ ಮಾಡ್ಕೊಂಡಿದೀವಿ. ನಮ್ಮ ಅತ್ತೆ ಒಬ್ಬರಿಗೆ ಮಗನ ದನಿಯಲ್ಲೇ ಫೋನ್ ಬಂದಿತ್ತು, ಆಕ್ಸಿಡೆಂಟ್ ಆಗಿದೆ, ಅರ್ಜೆಂಟ್ ದುಡ್ಡು ಹಾಕು ಅಂತ. ಕ್ಲೋನ್ ಮಾಡಿದ ದನಿಯೋ, ಬರೀ ಮಿಮಿಕ್ರಿಯೋ, ಲೈನ್ ಕಟಕಟ ಅಂತಿದ್ದಕ್ಕೆ ಹಂಗೆ ಕೇಳಿಸ್ತೋ, ದುಡ್ಡಂತೂ ಹೋಗಲಿಲ್ಲ, ಅಕೌಂಟಲ್ಲಿ ಇರಲಿಲ್ಲ ಅಷ್ಟೇ. ಆಮೇಲೆ ಎಲ್ಲ ಸೇರಿ ತೀರ್ಮಾನ ಮಾಡಿದ್ದು, ಯಾರೇ ಫೋನ್ ಮಾಡಿ ದುಡ್ಡು ಕೇಳಿದ್ರೆ ಮನೆಯವರಿಗೆ ಮಾತ್ರ ಗೊತ್ತಿರೋ ಒಂದು ಪ್ರಶ್ನೆ ಕೇಳಬೇಕು. ಅತ್ತೆ ಆರಿಸಿಕೊಂಡ ಪ್ರಶ್ನೆ, ನಮ್ಮ ಮದುವೆಯಲ್ಲಿ ಊಟಕ್ಕೆ ಕರೀಲಿಲ್ಲ ಅಂತ ಕೋಪ ಮಾಡ್ಕೊಂಡು ಎಲೆ ಮುಂದಿಂದ ಎದ್ದು ಹೋದೋರು ಯಾರು. ಪ್ರಾಕ್ಟೀಸ್ ಮಾಡೋಣ ಅಂತ ಒಬ್ಬೊಬ್ಬರನ್ನೇ ಕೇಳಿದ್ರು, ಗಂಡಿನ ಕಡೆಯೋರು ಒಂದು ಹೆಸರು ಹೇಳಿದ್ರು, ಹೆಣ್ಣಿನ ಕಡೆಯೋರು ಇನ್ನೊಂದು ಹೇಳಿದ್ರು, ಅತ್ತೆ ಲೆಕ್ಕದಲ್ಲಿ ಎರಡೂ ತಪ್ಪು, ಸಂಜೆವರೆಗೂ ಜಗಳ. ಈಗ ಹೊಸ ಪ್ರಶ್ನೆ ಹುಡುಕ್ತಾ ಇದೀವಿ.